ಎರಡು ಗ್ಯಾಂಗಿನ ಬೀಗರು

ನಮ್ಮ ಬೀಗರಷ್ಟು ಬುದ್ಧಿವಂತರು ಈ ಕೊಡಗು ರಾಜ್ಯದಲ್ಲಿ ಇನ್ನೊಬ್ಬರಿಲ್ಲ. ಈ ಮಾತನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಅದೂ ಎಷ್ಟು ಗಟ್ಟಿಯಾಗಿ! ನಮ್ಮದೋ ಅಂಗೈಯಗಲದ ರಾಜ್ಯ. ಅಮ್ಮತ್ತಿಯಲ್ಲಿ ನಿಂತು ಅವರು ಬಾಯಿ ತೆರೆದರೆ ಪಕ್ಕದ ಮೈಸೂರು ರಾಜ್ಯದವರು ‘ಏನ್ರೀ, ಕರೆದ್ರಾ?’ ಎಂದು ಕೇಳಿಕೊಂಡು ಬಂದರೂ ಬಂದಾರು.

ಮೊದಲು ನನ್ನ ವಿಚಾರ ಒಂದೆರಡು ಮಾತು. ನಾನು ಅಮ್ಮತ್ತಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವವನು. ಓದಿದ್ದು ಮೂರನೇ ಕ್ಲಾಸು. ಎರಡನೇ ಕ್ಲಾಸನ್ನು ಎರಡು ಸಲ ಓದಿದ್ದರಿಂದ ಒಟ್ಟು ನಾಲ್ಕು ವರ್ಷದ ವಿದ್ಯೆ ಎಂದು ಹೇಳಿಕೊಳ್ಳುವುದುಂಟು. ಇಂಥವನು ಕಾಗದ ಪೆನ್ಸಿಲು ಹಿಡಿದು ಕುಳಿತಿದ್ದಾನೆಂದರೆ ಕಾರಣ ಇರಬೇಕಲ್ಲ? ಇದೆ. ನಾನು ಅಜ್ಜನಾಗಿದ್ದೇನೆ! ಮಗಳ ಮಗಳಿಗೆ ಈಗ ನಾಲ್ಕು ತಿಂಗಳು. ಅಂಗಡಿಗೆ ಯಾರು ಬಂದರೂ ಮೊದಲು ಮೊಮ್ಮಗಳ ಸುದ್ದಿ, ಆಮೇಲೆ ಅಳತೆ. ಹೋದ ವಾರ ಒಬ್ಬರ ಷರಟಿನ ತೋಳಿನ ಉದ್ದ ಬರೆಯುವ ಜಾಗದಲ್ಲಿ ಮೊಮ್ಮಗಳ ಉದ್ದ ಬರೆದುಬಿಟ್ಟೆ. ಆ ಷರಟು ಏನಾಯಿತೆಂದು ದಯವಿಟ್ಟು ಕೇಳಬೇಡಿ. ಅವಳಿಗೆ ಇದುವರೆಗೆ ಹನ್ನೊಂದು ಕುಲಾವಿ ಹೊಲಿದಿದ್ದೇನೆ. ತಲೆ ಮಾತ್ರ ಒಂದೇ ಇದೆ. ಏನು ಮಾಡುವುದು!

ನೋಡಿ, ಬೀಗರ ಕಥೆ ಹೇಳಲು ಹೊರಟವನು ಮೊಮ್ಮಗಳ ತಲೆಗೆ ಬಂದು ನಿಂತೆ. ಹಿಂದಕ್ಕೆ ಹೋಗೋಣ.

ಬೀಗರೆಂದರೆ ನನ್ನ ಅಳಿಯನ ತಂದೆ. ಅಮ್ಮತ್ತಿಯಿಂದ ಮೂರು ಮೈಲಿ ದೂರದ ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೇಸ್ತ್ರಿಯಾಗಿದ್ದವರು. ಈಗ ಕೆಲಸ ಬಿಟ್ಟಿದ್ದಾರೆ. ಕೆಲಸ ಅವರನ್ನು ಬಿಟ್ಟಿಲ್ಲ. ಮೂವತ್ತು ವರ್ಷ ಬೆಳಗಾದರೆ ಕೂಲಿಮನೆಗಳ ಲೈನಿನ ಮುಂದೆ ನಿಂತು ಆಳುಗಳ ಹೆಸರು ಕೂಗಿ ಹಾಜರಿ ಹಿಡಿದ ಗಂಟಲು ಅದು. ಒಂದು ಹೆಸರನ್ನು ಮೂರು ಸಲ ಕೂಗುವುದು. ಮೂರನೆಯ ಕೂಗು ಮುಗಿಯುವುದರೊಳಗೆ ‘ಹಾಜರ್’ ಎಂದರೆ ಸರಿ. ಇಲ್ಲದಿದ್ದರೆ ಗೈರು. ಆಮೇಲೆ ಬಂದು ಕಾಲಿಗೆ ಬಿದ್ದರೂ ಗೈರೇ. ಈಗ ಕೂಗಲು ಆಳುಗಳಿಲ್ಲ. ಹಾಗೆಂದು ಗಂಟಲು ಸುಮ್ಮನಿರುತ್ತದೆಯೇ? ಬೆಳಿಗ್ಗೆ ಎದ್ದು ಕೋಳಿಗಳ ಹಾಜರಿ. ಆಮೇಲೆ ಸೌತೆ ಬಳ್ಳಿಯ ಹಾಜರಿ. ಕೊನೆಗೆ ಕನ್ನಡಿ ಹಿಡಿದು ಹಲ್ಲುಗಳ ಹಾಜರಿ. ಹಲ್ಲಿನಲ್ಲಿ ಗೈರುಹಾಜರಿ ಹೆಚ್ಚು.

ಇದು ಒಂದು ಚಾಳಿ. ಇನ್ನೊಂದು ಇದಕ್ಕೂ ದೊಡ್ಡದು. ಕಾಫಿ ಕೊಯ್ಲಿನ ಕಾಲದಲ್ಲಿ ಬೇರೆ ಮೇಸ್ತ್ರಿಗಳು ಒಂದು ತುಂಡು ತೋಟಕ್ಕೆ ಒಂದು ಗ್ಯಾಂಗು ಬಿಟ್ಟರೆ ಇವರು ಎರಡು ಬಿಡುತ್ತಿದ್ದರು. ಒಂದು ಮೇಲಿನ ಬೇಲಿಯಿಂದ, ಒಂದು ಕೆಳಗಿನ ಬೇಲಿಯಿಂದ. ಯಾರು ಮೊದಲು ನಡುವಿಗೆ ಬರುತ್ತಾರೋ ನೋಡೋಣ ಎಂದು ಎರಡು ಗ್ಯಾಂಗೂ ಹಟದಿಂದ ಕೊಯ್ದು, ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯುತ್ತಿತ್ತಂತೆ. ಎಸ್ಟೇಟಿನ ದೊರೆಯೇ ಬಂದು ಬೆನ್ನು ತಟ್ಟಿದ್ದರಂತೆ. ದೊರೆ ಅವತ್ತು ಬೆನ್ನು ತಟ್ಟದೇ ಇದ್ದಿದ್ದರೆ ನಾವೆಲ್ಲ ಎಷ್ಟು ಸುಖವಾಗಿರುತ್ತಿದ್ದೆವು! ಅಂದಿನಿಂದ ಪ್ರಪಂಚದ ಯಾವ ಕೆಲಸವಾದರೂ ಸರಿ, ನಮ್ಮ ಬೀಗರದು ಒಂದೇ ಮಂತ್ರ: “ಎರಡು ಕಡೆಯಿಂದ ಬಿಡ್ರೀ, ನಡುವೆ ಸೇರ್ಕಳ್ಳಿ!”

ನನಗೂ ಅವರಿಗೂ ಪರಿಚಯವಾದದ್ದೇ ಈ ಮಂತ್ರದಿಂದ. ಮಗನಿಗೆ ಹೆಣ್ಣು ನೋಡಲು ಹೋಗುವುದಕ್ಕೆ ಒಂದು ಕೋಟು ಬೇಕೆಂದು ಬಟ್ಟೆ ಹಿಡಿದುಕೊಂಡು ಬಂದರು. ನೋಡಿದರೆ ಅರ್ಧ ಬಟ್ಟೆ!

“ಇನ್ನರ್ಧ ಎಲ್ಲಿ ಸ್ವಾಮಿ?” ಎಂದೆ.

“ಮೂರ್ನಾಡಿನ ದರ್ಜಿ ಹತ್ರ ಐತೆ. ನೀವು ಬಲಗಡೆಯಿಂದ ಶುರು ಮಾಡಿ, ಅವನು ಎಡಗಡೆಯಿಂದ ಬರ್ತಾನೆ. ನಡುಬೆನ್ನಲ್ಲಿ ಸೇರ್ಕಳ್ಳಿ. ಎರಡೇ ದಿನಕ್ಕೆ ಕೋಟು!”

ಕೋಟು ಎರಡೇ ದಿನಕ್ಕೆ ಆಯಿತು, ಸುಳ್ಳು ಹೇಳಬಾರದು. ಎಡಗಡೆಯ ತೋಳು ಬಲಗಡೆಗಿಂತ ಮೂರು ಬೆರಳು ಉದ್ದ. ಎಡಗೈ ಒಳಗೇ ಅಡಗಿ ಕೂತಿತ್ತು. ಬಿಚ್ಚಿ ಸರಿಮಾಡಿ ಕೊಡುತ್ತೇನೆಂದರೆ ಒಪ್ಪಬೇಕಲ್ಲ? “ಚಳಿಗಾಲಕ್ಕೆ ಒಂದು ಕೈಯಾದ್ರೂ ಬೆಚ್ಚಗಿರ್ಲಿ” ಎಂದು ಹಾಕಿಕೊಂಡೇ ಹೋದರು. ಇಂದಿಗೂ ಅದೇ ಕೋಟು.

ಹದಿನೈದು ದಿನ ಕಳೆದ ಮೇಲೆ ಆ ಕೋಟು ನನ್ನ ಮನೆಯ ಬಾಗಿಲಿಗೇ ಬಂತು! ಹೆಣ್ಣು ನೋಡಲು ಅವರು ಹುಡುಕಿಕೊಂಡು ಬಂದದ್ದು ನನ್ನ ಮಗಳನ್ನೇ. ಹುಡುಗ ಚಿನ್ನದಂಥವನು, ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅಪ್ಪ ಮಾತ್ರ ಜಗಲಿಯಲ್ಲಿ ಕುಳಿತವರು ಉಪ್ಪಿಟ್ಟು ಬರುವ ಮೊದಲೇ ಹಾಜರಿ ಶುರು ಮಾಡಿದರು.

“ಹುಡುಗಿ ತಂದೆ!”

ನಾನು ಎದುರಿಗೇ ಕುಳಿತಿದ್ದೇನೆ. ಆದರೂ ಗಾಬರಿಯಾಗಿ “ಹಾಜರ್” ಎಂದುಬಿಟ್ಟೆ.

“ಹುಡುಗಿ!”

ಮಗಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಒಳಗಿನಿಂದ “ಹಾಜರ್” ಎಂದಳು.

“ಹುಡುಗಿ ತಾಯಿ!”

ಅಡುಗೆ ಮನೆಯಿಂದ ಸದ್ದಿಲ್ಲ. “ಹುಡುಗಿ ತಾಯೀ!” ಇಲ್ಲ. ಮೂರನೆಯ ಸಲ ಕೂಗಿದ್ದಕ್ಕೆ ಗೋಡೆಯ ಮೇಲಿದ್ದ ಹಲ್ಲಿ ಕೆಳಗೆ ಬಿತ್ತು. ನನ್ನ ಹೆಂಡತಿ ಮಾತ್ರ ತುಟಿ ಬಿಚ್ಚಲಿಲ್ಲ.

“ಗೈರು!” ಎಂದರು ಬೀಗರು.

ಅವರೆಲ್ಲ ಹೋದ ಮೇಲೆ ಹೆಂಡತಿ ಸಟ್ಟುಗ ಹಿಡಿದೇ ಹೊರಗೆ ಬಂದಳು. “ನಾನೇನು ಆಯಪ್ಪನ ತೋಟದ ಆಳಾ? ನನ್ನ ಮನೇಲಿ ನಾನಿರೋದಕ್ಕೆ ಆ ಮನುಷ್ಯನಿಗೆ ಹಾಜರಿ ಕೊಡ್ಬೇಕಾ? ಹುಡುಗ ಒಳ್ಳೆಯವನು, ಅದಕ್ಕೆ ಒಪ್ಪಿದ್ದೀನಿ. ಆ ಗಂಟಲಿಗೆ ಮಾತ್ರ ಈ ಜನ್ಮದಲ್ಲಿ ಓಗೊಡಲ್ಲ ಕಣ್ರೀ!”

ಓಗೊಡಲಿಲ್ಲ. ಮದುವೆಯಾಯಿತು, ಎರಡು ವರ್ಷ ಕಳೆಯಿತು, ಅವರು ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು “ಬೀಗಿತ್ತೀ!” ಎಂದು ಮೂರು ಸಲ ಕೂಗುವುದು, ಇವಳು ಒಳಗೆ ಪಾತ್ರೆ ಕುಕ್ಕುವುದು, ಅವರು “ಗೈರು” ಎಂದು ಕಾಫಿ ಕುಡಿದು ಹೋಗುವುದು.

ಮದುವೆ ಎಂದೆನಲ್ಲ, ಅವತ್ತಿನ ಊಟವನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಪ್ಪುವುದಿಲ್ಲ. ಪಂಕ್ತಿ ಉದ್ದವಾಯಿತು, ಬಡಿಸುವುದು ತಡವಾಗುತ್ತಿದೆ ಎಂದು ಬೀಗರಿಗೆ ಅನ್ನಿಸಿತು. ಸರಿ, ಆ ಕೊನೆಯಿಂದ ಒಂದು ಗ್ಯಾಂಗು ಪಾಯಸ ಹಿಡಿದು ಬಂತು. ಈ ಕೊನೆಯಿಂದ ಇನ್ನೊಂದು ಗ್ಯಾಂಗು ಸಾರು ಹಿಡಿದು ಬಂತು. ಎರಡೂ ಓಡಿಕೊಂಡು ಬಂದು ನಡುವೆ ಸೇರಿದವು. ನಡುವೆ ಕುಳಿತಿದ್ದವನು ಯಾರು? ಹೆಣ್ಣಿನ ಅಪ್ಪ! ಒಂದೇ ಗಳಿಗೆಯಲ್ಲಿ ನನ್ನ ಎಲೆಯ ಮೇಲೆ ಎಡದಿಂದ ಪಾಯಸ, ಬಲದಿಂದ ಸಾರು. ಪಾಯಸ ಒಳ್ಳೆಯದೇ ಇತ್ತು. ಸಾರೂ ಒಳ್ಳೆಯದೇ ಇತ್ತು. ಎರಡೂ ಸೇರಿದ್ದು ಏನಿತ್ತೆಂದು ಹೇಳಲು ನನ್ನ ನಾಲ್ಕು ವರ್ಷದ ವಿದ್ಯೆ ಸಾಲದು. ಈ ಎಲೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮೊಮ್ಮಗಳ ಹತ್ತಿರ ಬರುತ್ತೇನೆ. ಬರದೆ ಇರುವುದಕ್ಕೆ ಆಗುತ್ತದೆಯೇ?

ಮಗಳು ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕೊಯ್ಲಿನ ಕಾಲ, ಬೆಳಗಿನ ಹೊತ್ತು ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಮಗು ಹುಟ್ಟಿದ ಸುದ್ದಿ ಕಳಿಸಿದ್ದೇ ತಡ, ಬೀಗರು ಆ ಮಂಜಿನಲ್ಲಿ ಮೂರು ಮೈಲಿ ನಡೆದು ಬಂದೇಬಿಟ್ಟರು. ಬಂದವರು ಬಾಗಿಲಲ್ಲಿ ನಿಂತು “ಬೀಗಿ...” ಎನ್ನುವಷ್ಟರಲ್ಲಿ ಕೆಮ್ಮು. ಸಣ್ಣ ಕೆಮ್ಮಲ್ಲ, ಎದೆಯ ಒಳಗಿನಿಂದ ಮರ ಸೀಳಿದ ಹಾಗೆ. ಬಾಣಂತಿಯನ್ನು ನೋಡಲು ಬಂದಿದ್ದ ನಮ್ಮೂರ ಡಾಕ್ಟರು ಒಳಗಿದ್ದವರು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು.

“ಈ ಕೆಮ್ಮು ಇಟ್ಕೊಂಡು ಒಳಗೆ ಬರಬೇಡಿ. ಎಳೆ ಮಗು. ಪೂರ್ತಿ ವಾಸಿ ಆಗೋವರೆಗೆ ಹತ್ತಿರ ಸುಳಿಯೋ ಹಾಗಿಲ್ಲ.”

ಬೀಗರು ಹೊಸಿಲಿನ ಆಚೆ ನಿಂತು ಕತ್ತು ಉದ್ದ ಮಾಡಿದರು. ಕಂಡದ್ದು ಕಂಬಳಿಯ ಗಂಟು ಮಾತ್ರ. “ಹೋಗ್ಲಿ, ಹಾಜರಿನಾದ್ರೂ ಹೇಳಿ. ಕಾಲ್ಬೆರಳು ಎಷ್ಟು?” ಎಂದು ಕೇಳಿದರು. ಹೆಂಡತಿ ಅವರಿಗೆ ಓಗೊಡುವವಳಲ್ಲವಲ್ಲ, ಗೋಡೆ ನೋಡಿಕೊಂಡು ಎಣಿಸಿದಳು: “ಒಂದು, ಎರಡು, ಮೂರು...” ಹತ್ತು ಎಂದಾಗ ಬೀಗರು ಅಂಗಳದಲ್ಲಿ ಒಂದು ಸಣ್ಣ ಕುಣಿತ ಕುಣಿದರು. ಉದ್ದ ತೋಳು ಬಾವುಟದ ಹಾಗೆ ಹಾರಿತು. ಕುಣಿತದ ನಡುವೆ ಮತ್ತೆ ಕೆಮ್ಮು.

ಇಪ್ಪತ್ತೊಂದನೇ ದಿನ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಗಂಡಿನ ಕಡೆಯ ಅಜ್ಜನ ಹಕ್ಕು. ನಮ್ಮಲ್ಲಿ ಹಾಗೆ. ನಾನೂ ಒಂದು ಹೆಸರು ಇಟ್ಟುಕೊಂಡಿದ್ದೆ, ನನ್ನ ಹೆಂಡತಿ ನಾಲ್ಕು ಇಟ್ಟುಕೊಂಡಿದ್ದಳು. ಕೇಳುವವರು ಯಾರು? “ಹೆಸರು ನನ್ನ ಹತ್ರ ಐತೆ. ಆ ದಿನ ಬಂದು ನಾನೇ ಹೇಳ್ತೀನಿ. ಇಪ್ಪತ್ತೊಂದನೇ ದಿನ ತಪ್ಪೋ ಹಂಗಿಲ್ಲ ಬೀಗರೇ!” ಎಂದು ಕೆಮ್ಮುತ್ತಲೇ ಹೋದರು. ಏನು ಹೆಸರು ಎಂದು ನನ್ನ ಅಳಿಯನಿಗೂ ಗೊತ್ತಿರಲಿಲ್ಲ.

ನಾಲ್ಕು ದಿನದಲ್ಲಿ ಕೆಮ್ಮಿನ ಜೊತೆಗೆ ಜ್ವರ ಬಂತು. ಕಫ ಎದೆಗೆ ಕಟ್ಟಿ ನ್ಯುಮೋನಿಯಾ ಆಗಿದೆ ಎಂದರು ನಮ್ಮ ಡಾಕ್ಟರು. ಈಗ ಪೆನ್ಸಿಲಿನ್ ಎಂದು ಹೊಸ ಮದ್ದು ಬಂದಿದೆ, ಚುಚ್ಚಿದರೆ ವಾಸಿಯಾಗುತ್ತದೆ ಎಂದು ಧೈರ್ಯ ಹೇಳಿದರು. ದಿನಾ ಬೆಳಿಗ್ಗೆ ಕಂಪೌಂಡರು ಸೈಕಲ್ಲಿನಲ್ಲಿ ಹೋಗಿ ಚುಚ್ಚಿ ಬರುವುದೆಂದು ಏರ್ಪಾಡಾಯಿತು. ಮೊದಲ ದಿನವೇ ಬೀಗರು ಕಂಪೌಂಡರಿಗೆ, “ಅರ್ಧ ಮದ್ದು ಎಡಕ್ಕೆ ಚುಚ್ಚಿ, ಅರ್ಧ ಬಲಕ್ಕೆ. ಎರಡು ಕಡೆಯಿಂದ ಬಂದು ಸೇರ್ಕಳ್ಳಿ” ಎಂದರಂತೆ. ಆತ “ಹಾಗೆಲ್ಲ ಆಗಲ್ಲ, ಸುಮ್ನೆ ಮಗ್ಗುಲಾಗಿ” ಎಂದು ಗದರಿಸಿ ಒಂದೇ ಕಡೆ ಚುಚ್ಚಿ ಬಂದನಂತೆ. ಆತ ಬಂದು ನನಗೆ ಹೇಳಿದ, ನಾನು ನಕ್ಕೆ. ನಗುವ ಬದಲು ಸ್ವಲ್ಪ ಯೋಚನೆ ಮಾಡಬೇಕಾಗಿತ್ತು.

ಐದು ದಿನ ನನಗೆ ಹೋಗಲಾಗಲಿಲ್ಲ. ಕುಲಾವಿಯ ಕೆಲಸ ಜೋರಾಗಿತ್ತು! ಆರನೆಯ ದಿನ ಹೆಂಡತಿ ಮೆಣಸಿನ ಸಾರು ಮಾಡಿ ಕ್ಯಾರಿಯರಿಗೆ ತುಂಬಿಸಿ, “ಆ ಗಂಟಲಿಗೆ ಕೊಟ್ಟು ಬನ್ನಿ” ಎಂದಳು. ಹೋದೆ. ಅಳಿಯನ ತಾಯಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಅಳಿಯ ಕೊಯ್ಲಿನ ಕೆಲಸಕ್ಕೆ ಹೋಗಿದ್ದ. ಬೀಗರು ಕಂಬಳಿ ಹೊದ್ದು, ಅದರ ಮೇಲೆ ಆ ಕೋಟು ಹೊದ್ದು ಮಲಗಿದ್ದರು. ಹಣೆ ಮುಟ್ಟಿದರೆ ದೋಸೆ ಕಾವಲಿ. ಸೂಜಿ ಶುರುವಾಗಿ ಆರು ದಿನವಾಗಿದೆ, ಜ್ವರ ಒಂದು ಗೆರೆಯೂ ಇಳಿದಿಲ್ಲ!

ನನ್ನನ್ನು ನೋಡಿ “ಹುಡುಗಿ ತಂದೆ” ಎಂದರು. ಅಬ್ಬಾ, ಆ ಸ್ವರ! ಮೈಸೂರು ರಾಜ್ಯಕ್ಕೆ ಕೇಳುತ್ತಿದ್ದದ್ದು ಈಗ ಮಂಚದಿಂದ ಬಾಗಿಲಿಗೆ ಬರುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತಿತ್ತು. ಹಾಜರ್ ಎನ್ನಲೂ ಮರೆತೆ.

“ಹೆದರ್ಬೇಡಿ ಬೀಗರೇ. ಇನ್ನೊಂದೆರಡು ದಿನ. ಕೆಲಸ ನಡೀತಾ ಐತೆ” ಎಂದು ಕಣ್ಣು ಮಿಟುಕಿಸಿ ತಲೆದಿಂಬಿನ ಕೆಳಗೆ ಕೈ ಹಾಕಿದರು. ತೆಗೆದದ್ದು ಒಂದು ಸಣ್ಣ ಶೀಶೆ. ಒಳಗೆ ಹಳದಿ ಬಣ್ಣದ ಮಾತ್ರೆಗಳು, ಹೊಳೆಯುವಂಥವು. “ಇದು ನಮ್ಮ ಎಸ್ಟೇಟ್ ಡಾಕ್ಟರದು. ಮೊದಲ್ನೇ ದಿನ ಮಧ್ಯಾಹ್ನ ಇಲ್ಲಿಗೇ ಬಂದು ನೋಡಿ ಕೊಟ್ಟು ಹೋದ್ರು. ಇದೂ ಹೊಸ ಮದ್ದೇ. ದಿನಕ್ಕೆ ನಾಲ್ಕು.”

“ಸೂಜಿ ವಿಚಾರ ಅವರಿಗೆ ಹೇಳಿದ್ದೀರಾ?”

“ಹೇಳಿದ್ರೆ ಇದನ್ನ ಕೊಡ್ತಿದ್ರಾ? ಇದನ್ನ ನಿಮ್ಮ ಡಾಕ್ಟರಿಗೆ ಹೇಳಿದ್ರೆ ಅವರು ಸೂಜಿ ಚುಚ್ತಿದ್ರಾ? ಮಗನಿಗೂ ಹೇಳಿಲ್ಲ. ನೋಡ್ರೀ, ಬೆಳಿಗ್ಗೆ ಸೂಜಿ ಕೆಳಗಿನ ಬೇಲಿಯಿಂದ ಕೊಯ್ಕಂಡು ಬರ್ತದೆ. ಮಾತ್ರೆ ಬಾಯಿಂದ, ಅಂದ್ರೆ ಮೇಲಿನ ಬೇಲಿಯಿಂದ. ಎದೆ ಹತ್ರ ಎರಡೂ ಸೇರ್ಕಂಡ್ವು ಅಂದ್ರೆ ಜ್ವರ ಖಲಾಸ್! ಇಪ್ಪತ್ತೊಂದನೇ ದಿನಕ್ಕೆ ನಾನು ಹಾಜರ್!”

ನಿಜ ಹೇಳುತ್ತೇನೆ, ನನಗೆ ಅದು ಬಹಳ ಬುದ್ಧಿವಂತಿಕೆಯಾಗಿ ಕಂಡಿತು. ಒಂದು ಮದ್ದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದಲ್ಲವೇ? ಒಂದು ದಾರದ ಹೊಲಿಗೆಗಿಂತ ಎರಡು ದಾರದ ಹೊಲಿಗೆ ಗಟ್ಟಿ. ಕೋಟಿನ ತೋಳೂ, ಪಾಯಸದ ಎಲೆಯೂ ಆ ಹೊತ್ತಿನಲ್ಲಿ ನನ್ನ ನೆನಪಿಗೆ ಬರಲಿಲ್ಲ ನೋಡಿ!

ಅದೃಷ್ಟ ಎನ್ನುವುದು ಗುಂಡಿಯ ರೂಪದಲ್ಲಿಯೂ ಬರುತ್ತದೆ. ನಾನು ಅಂಗಡಿಗೆ ಬರುವ ಹೊತ್ತಿಗೆ ನಮ್ಮ ಡಾಕ್ಟರು ಕೋಟಿನ ಕಿತ್ತುಹೋದ ಗುಂಡಿ ಹಿಡಿದುಕೊಂಡು ಕಾಯುತ್ತಿದ್ದರು. ಮುಖ ಸಪ್ಪಗಿತ್ತು. “ನಿಮ್ಮ ಬೀಗರದ್ದೇ ಯೋಚನೆ. ಇಷ್ಟು ಹೊತ್ತಿಗೆ ಜ್ವರ ಇಳೀಬೇಕಿತ್ತು. ಯಾಕೆ ಇಳೀತಿಲ್ಲ ಅಂತ ಗೊತ್ತಾಗ್ತಿಲ್ಲ” ಎಂದರು.

ನಾನು ಸೂಜಿಗೆ ದಾರ ಪೋಣಿಸುತ್ತಾ ಹೆಮ್ಮೆಯಿಂದ ಹೇಳಿದೆ: “ಯೋಚನೆ ಬಿಡಿ ಡಾಕ್ಟ್ರೇ. ನೀವೊಬ್ರೇ ಅಲ್ಲ, ಇನ್ನೊಂದು ಗ್ಯಾಂಗೂ ಕೆಲಸದಲ್ಲಿದೆ.”

“ಯಾವ ಗ್ಯಾಂಗು?”

“ಹಳದಿ ಮಾತ್ರೆ.”

ಡಾಕ್ಟರ ಮುಖ ನೋಡಬೇಕಿತ್ತು! ಗುಂಡಿ ಅರ್ಧ ಹೊಲಿದ ಕೋಟನ್ನು ನನ್ನ ಕೈಯಿಂದ ಕಿತ್ತುಕೊಂಡು, ಸೂಜಿ ದಾರ ನೇತಾಡುತ್ತಿದ್ದ ಹಾಗೇ ಹಾಕಿಕೊಂಡು “ಹತ್ತಿ ಕಾರು!” ಎಂದರು. ಅವರ ಕಾರು ಹತ್ತಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಒಂದು ಏರು ತಳ್ಳಿದೆ, ಒಂದು ಇಳಿಜಾರು ಕುಳಿತೆ, ಹೀಗೆ ಮೂರು ಮೈಲಿ ಮುಗಿಯಿತು.

ಡಾಕ್ಟರು ಶೀಶೆ ನೋಡಿದರು, ಎದೆಗೆ ಕೊಳವೆ ಇಟ್ಟು ನೋಡಿದರು, ಮಂಚದ ಪಕ್ಕ ಮೋಡ ಕವಿದ ಹಾಗೆ ಕುಳಿತರು. “ಈ ಮಾತ್ರೆ ಕೆಟ್ಟದ್ದಲ್ಲ. ಇದೊಂದನ್ನೇ ತಗೊಂಡಿದ್ರೂ ನಿಮಗೆ ವಾಸಿ ಆಗ್ತಿತ್ತೇನೋ. ಸೂಜಿ ಒಂದೇ ಆಗಿದ್ರೂ ಆಗ್ತಿತ್ತು. ಎರಡೂ ಒಟ್ಟಿಗೆ ಯಾಕ್ರೀ ತಗೊಂಡ್ರಿ?”

“ಎರಡು ಕಡೆಯಿಂದ...”

“ಅದೇ ತಪ್ಪು! ನೀವು ಮೇಸ್ತ್ರಿ ಅಲ್ವಾ? ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಕೇಳಿ. ಈ ಪೆನ್ಸಿಲಿನ್ ಇದೆಯಲ್ಲ, ಅದು ಹಣ್ಣು ಮಾತ್ರ ಕೊಯ್ಯೋ ಗ್ಯಾಂಗು. ಹಸಿರು ಕಾಯಿ ಮುಟ್ಟಲ್ಲ. ರೋಗದ ಕ್ರಿಮಿ ಬೆಳೀತಾ ಇದ್ರೆ, ಒಂದು ಎರಡಾಗ್ತಾ ಇದ್ರೆ, ಅದೇ ಇದರ ಕಣ್ಣಿಗೆ ಕೆಂಪು ಹಣ್ಣು. ಕಂಡ ತಕ್ಷಣ ಕೊಯ್ದು ಹಾಕುತ್ತೆ. ಗೊತ್ತಾಯ್ತಾ?”

“ಆಯ್ತು.”

“ಈ ಹಳದಿ ಮಾತ್ರೆ ಕೊಯ್ಯೋದಿಲ್ಲ. ಅದು ಕ್ರಿಮಿ ಬೆಳೆಯೋದನ್ನೇ ನಿಲ್ಲಿಸಿಬಿಡುತ್ತೆ. ಅಂದ್ರೆ, ಗಿಡದಲ್ಲಿ ಕಾಯಿ ಹಣ್ಣಾಗದ ಹಾಗೆ ತಡೆದುಬಿಡುತ್ತೆ. ಹಣ್ಣೇ ಆಗದಿದ್ರೆ ಮೊದಲನೇ ಗ್ಯಾಂಗು ಏನು ಕೊಯ್ಯಬೇಕು? ಎಲ್ಲರಿಗೂ ಯಾವಾಗಲೂ ಹೀಗೇ ಆಗುತ್ತೆ ಅಂತಲ್ಲ. ಹೊಸ ಮದ್ದುಗಳು, ನಾವೂ ಈಗೀಗ ಕಲೀತಿದ್ದೀವಿ. ಆದ್ರೆ ನಿಮ್ಮ ವಿಷಯದಲ್ಲಿ ಹಾಗಾಗಿರೋ ಹಾಗೆ ಕಾಣುತ್ತೆ.”

ಬೀಗರ ಜ್ವರದ ಕಣ್ಣು ಮೆಲ್ಲಗೆ ದೊಡ್ಡದಾಯಿತು. ಅವರಿಗೆ ಸಾವು ಬಂದೀತೆಂದು ಹೇಳಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಮೊಣಕೈ ಊರಿ ಎದ್ದು ಕುಳಿತರು.

“ಅಂದ್ರೆ... ಆರು ದಿನದಿಂದ ನನ್ನ ಜನ ಚೀಲ ಹಿಡ್ಕಂಡು ಸುಮ್ನೆ ನಿಂತವ್ರಾ?”

“ಹಾಗೇ ಅಂದ್ಕೊಳ್ಳಿ.”

“ನನ್ನ ಮೈಯೊಳಗೆ?”

“ನಿಮ್ಮ ಮೈಯೊಳಗೇ.”

“ನಾನು ಮೇಸ್ತ್ರಿಯಾಗಿ ಮೂವತ್ತು ವರ್ಷದಲ್ಲಿ ಅರ್ಧ ದಿನ ಒಂದು ಆಳನ್ನ ಸುಮ್ನೆ ನಿಲ್ಲಿಸಿದೋನಲ್ಲ! ಥೂ ಥೂ ಥೂ! ಬೀಗರೇ, ಇದನ್ನ ಯಾರಿಗೂ ಹೇಳ್ಬೇಡಿ!” ಎಂದವರೇ ಶೀಶೆಯನ್ನು ಡಾಕ್ಟರ ಕೈಗೆ ತುರುಕಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿಕೊಂಡು, ಹೊಟ್ಟೆಯ ಕಡೆ ನೋಡಿ ಅಪ್ಪಣೆ ಕೊಟ್ಟರು: “ಹಳದಿ ಗ್ಯಾಂಗು ವಾಪಸ್!”

ಡಾಕ್ಟರು ಗಂಭೀರವಾಗಿಯೇ ಇರಬೇಕೆಂದು ತುಂಬಾ ಪ್ರಯತ್ನ ಪಟ್ಟರು. ಕೋಟಿನಲ್ಲಿ ನೇತಾಡುತ್ತಿದ್ದ ಸೂಜಿ ಅವರಿಗೇ ಚುಚ್ಚಿಕೊಂಡಿತು. ಅದೇ ನೆಪ ಮಾಡಿಕೊಂಡು ಆಚೆ ತಿರುಗಿ ನಕ್ಕರು. ಆಮೇಲೆ ಎಸ್ಟೇಟ್ ಡಾಕ್ಟರಿಗೆ ತಾವೇ ಚೀಟಿ ಬರೆದು ತಿಳಿಸಿ, ಸೂಜಿ ಒಂದನ್ನೇ ಮುಂದುವರಿಸಿದರು. ಇನ್ನು ಮೇಲೆ ಯಾರು ಯಾವ ಮದ್ದು ಕೊಟ್ಟರೂ, ಕೊಡುವವರಿಗೆ ಹಿಂದಿನ ಮದ್ದಿನ ಹಾಜರಿ ಹೇಳದೆ ನುಂಗುವುದಿಲ್ಲ ಎಂದು ಬೀಗರ ಕೈಯಲ್ಲಿ ಪ್ರಮಾಣ ಮಾಡಿಸಿದರು.

ನಾಲ್ಕು ದಿನದಲ್ಲಿ ಜ್ವರ ಇಳಿಯಿತು. ಹಣ್ಣಿನ ಗ್ಯಾಂಗಿಗೆ ಕೆಲಸ ಸಿಕ್ಕಿತು ಎಂದು ಬೀಗರ ವಿವರಣೆ. ಆದರೆ ಕಳೆದುಹೋದ ಆರು ದಿನ ಎಲ್ಲಿಂದ ಬರಬೇಕು? ಕೆಮ್ಮು ಪೂರ್ತಿ ಹೋಗಿರಲಿಲ್ಲ. ಇನ್ನೂ ಎರಡು ವಾರ ಮಗುವಿನ ಹತ್ತಿರ ಹೋಗುವ ಹಾಗಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಹತ್ತಿರ ಹೋಗದೆ ಕಿವಿಯಲ್ಲಿ ಹೆಸರು ಹೇಳುವುದು ಹೇಗೆ?

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಬೀಗರನ್ನು ಗಾಡಿಯಲ್ಲಿ ಕರೆದುಕೊಂಡು ಬಂದರು. ಅಂಗಳದ ಆ ತುದಿಯಲ್ಲಿ, ನಿಂಬೆ ಗಿಡದ ಹತ್ತಿರ ಕುರ್ಚಿ ಹಾಕಿ ಕೂರಿಸಿದೆವು. ಅದೇ ಕೋಟು. ಒಳಗಿನ ಮೈ ಇಳಿದುಹೋಗಿ ಈಗ ಎರಡು ಕೈಯೂ ತೋಳಿನಲ್ಲಿ ಅಡಗಿದ್ದವು. ಒಳಗೆ ತೊಟ್ಟಿಲಿಗೆ ಹೂ ಕಟ್ಟಿ ಆಗಿತ್ತು. ನನ್ನ ಹೆಂಡತಿಗೇ ಅದೇನನ್ನಿಸಿತೋ, ನನ್ನನ್ನು ಕರೆದು ಮೆಲ್ಲಗೆ ಹೇಳಿದಳು: “ಒಂದು ವಾರ ಮುಂದಕ್ಕೆ ಹಾಕಿದ್ರೆ ಏನಂತೆ? ಪಾಪ, ಆ ಮನುಷ್ಯ ಬಂದು ಕಿವೀಲೇ ಹೇಳ್ಲಿ. ಹೋಗಿ ಹೇಳಿ.”

ಎರಡು ವರ್ಷದಲ್ಲಿ ಅವಳು ಅವರಿಗಾಗಿ ಆಡಿದ ಮೊದಲನೇ ಒಳ್ಳೆಯ ಮಾತು! ನಾನು ಓಡಿದೆ. ಬೀಗರು ಕುಣಿದಾಡುತ್ತಾರೆಂದು ತಿಳಿದಿದ್ದೆ. ಅವರು ಕೇಳಿ ತಲೆ ಅಲ್ಲಾಡಿಸಿದರು.

“ಬೇಡ ಬೀಗರೇ. ಮುಂದಕ್ಕೆ ಹಾಕ್ಬೇಡಿ. ಒಂದ್ಸಲ ಹಾಕಿದ್ದೆ.”

ಏನೆಂದು ನನಗೆ ತಿಳಿಯಲಿಲ್ಲ.

“ನಿಮ್ಮ ಅಳಿಯನಿಗಿಂತ ಮೊದ್ಲು ಒಂದು ಹೆಣ್ಣು ಮಗು ಆಗಿತ್ತು ನಮಗೆ. ಹಿಂಗೇ ಕೊಯ್ಲು ಕಾಲ. ತೋಟ ಬಿಟ್ಟು ಬರೋಕೆ ಪುರಸೊತ್ತಿಲ್ಲ. ಕೊಯ್ಲು ಮುಗೀಲಿ, ಆಮೇಲೆ ಹೆಸರಿಡೋಣ ಅಂದೆ ಅವಳಮ್ಮನಿಗೆ. ಅಷ್ಟರಲ್ಲಿ ಕೆಮ್ಮು ಬಂತು, ಜ್ವರ ಬಂತು. ಇದೇ ಜ್ವರ. ಆಗ ಸೂಜಿ ಇರ್ಲಿಲ್ಲ, ಹಳದಿ ಮಾತ್ರೆನೂ ಇರ್ಲಿಲ್ಲ. ಯಾವ ಡಾಕ್ಟರ ಹತ್ರಾನೂ ಒಂದು ಮದ್ದು ಇರ್ಲಿಲ್ಲ ಬೀಗರೇ. ಎತ್ಕಂಡು ಕೂತ್ಕಳೋದು, ಅಷ್ಟೇ. ಹೆಸರಿಲ್ದೇ ಹೋಯ್ತು.”

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

“ಒಂದೂ ಇಲ್ದಿದ್ದ ಕಾಲ ನೋಡಿದೋನು ನಾನು. ಈಗ ಎರಡೈತೆ ಅಂದ್ರೆ ಒಂದನ್ನ ಬ್ಯಾಡ ಅನ್ನೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಎರಡೂ ನುಂಗಿದೆ. ಮೇಸ್ತ್ರಿ ಬುದ್ಧಿ ಅಂತ ನೀವೆಲ್ಲ ನಗ್ತಿದ್ರಿ. ನಗ್ಲಿ ಅಂತ ನಾನೂ ಸುಮ್ನಿದ್ದೆ.”

ಹನ್ನೊಂದು ಕುಲಾವಿ ಹೊಲಿದ ಈ ಬೆರಳುಗಳಿಗೆ ಆಗ ಏನು ಮಾಡಬೇಕೆಂದೇ ತೋಚಲಿಲ್ಲ. ಅವರ ಉದ್ದ ತೋಳನ್ನು ಒಂದು ಮಡಿಕೆ ಮಡಿಚಿ ಕೈ ಹೊರಗೆ ತೆಗೆದೆ. ಅಷ್ಟೇ.

“ಕಿವೀಲೇ ಹೇಳ್ಬೇಕು ಅಂತ ಎಲ್ಲೈತೆ? ನನ್ನ ಗಂಟಲು ಇರೋದು ಯಾವುದಕ್ಕೆ? ಹೋಗಿ, ಮಗೂನ ತೊಟ್ಟಿಲಿಗೆ ಹಾಕಿ. ನಾನು ಇಲ್ಲಿಂದ್ಲೇ ಕರೀತೀನಿ” ಎಂದರು.

ಒಳಗೆ ಹೋಗಿ ಹೆಂಡತಿಗೆ ನಾಲ್ಕು ಮಾತಿನಲ್ಲಿ ಹೇಳಿದೆ. ಅವಳು ಮಗುವನ್ನು ತೊಟ್ಟಿಲಿಗೆ ಹಾಕಿದಳು, ಬಾಗಿಲನ್ನು ಪೂರ್ತಿ ತೆರೆದಳು. ಬೀಗರು ಕುರ್ಚಿ ಹಿಡಿದು ಎದ್ದು ನಿಂತರು. ಲೈನಿನ ಮುಂದೆ ನಿಲ್ಲುತ್ತಿದ್ದ ಹಾಗೆ, ಎದೆ ಮುಂದೆ ಮಾಡಿ.

“ಜಾನಕೀ!”

ಎಂಥ ಗಂಟಲು! ನಿಂಬೆ ಗಿಡದ ಹಕ್ಕಿಗಳೆಲ್ಲ ಎದ್ದವು. ಬೀದಿಯಲ್ಲಿ ಹೋಗುವವರು ನಿಂತರು. ಇಪ್ಪತ್ತೈದು ಮೂವತ್ತು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಹೆಸರು. ಮಗು ನಿದ್ದೆಯಲ್ಲಿ ಮೂಗು ಸುಕ್ಕಿಸಿತು, ಅಷ್ಟೇ.

“ಜಾನಕೀ...”

ಎರಡನೆಯ ಕೂಗು ನಡುವೆ ಒಡೆಯಿತು. ಕೆಮ್ಮಲ್ಲ. ಅವರ ಕೈ ಮೇಲೆ ಹೋಯಿತು. ನಾನು ಮಡಿಚಿದ್ದ ತೋಳು ಬಿಚ್ಚಿಕೊಂಡು ಮುಖಕ್ಕೆ ಅಡ್ಡ ಬಂತು. ಮೂರನೆಯದಕ್ಕೆ ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ಮೂರನೆಯದೂ ಮುಗಿದು ಯಾರೂ ಓಗೊಡದಿದ್ದರೆ ಅವರ ಲೆಕ್ಕದಲ್ಲಿ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಗ ನನ್ನ ಹೆಂಡತಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಹೊಸಿಲಿಗೆ ಬಂದು ನಿಂತು, ಅಂಗಳದ ಆ ತುದಿಗೆ ಕೇಳುವ ಹಾಗೆ, ಅವರಷ್ಟೇ ಗಟ್ಟಿಯಾಗಿ ಕೂಗಿದಳು:

“ಹಾಜರ್!”